ಉಪ್ಪು ನೀರಿಗೆ ನೀಲಿಯಾಗುವ ಗಾಜು

ಹೆಸರಿನ ಮುಂದೆ ‘ಡಾ’ ಎಂಬ ಬಾಲ ಕಟ್ಟಿಕೊಂಡು ನಾನು ಬನಹಟ್ಟಿಗೆ ಮರಳಿದಾಗ ನನ್ನ ಚೀಲದಲ್ಲಿದ್ದ ಬೆಲೆಬಾಳುವ ವಸ್ತು ಒಂದೇ. ಹೆಬ್ಬೆರಳಿನಷ್ಟು ಎತ್ತರದ ಕಂದು ಸೀಸೆ, ಅದರೊಳಗೆ ಒಂದು ಚಮಚೆಯಷ್ಟು ಬಿಳಿ ಪುಡಿ. ನನ್ನ ಸಂಶೋಧನೆಯ ಮಾರ್ಗದರ್ಶಕರು ಬೀಳ್ಕೊಡುವ ದಿನ ಅದನ್ನು ಕೈಗಿಟ್ಟು, ‘ಎಲ್ಲಿದ್ದರೂ ಕೆಲಸ ಬಿಡಬೇಡ’ ಎಂದಿದ್ದರು. ಎಲ್ಲಿರುತ್ತೇನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಪುಡಿಯನ್ನು ಉಳಿಸಿಕೊಳ್ಳುತ್ತಿದ್ದರೋ ಏನೋ.

ಆ ಪುಡಿ ಒಂದು ಪಾಲಿಮರ್. ಪ್ಲಾಸ್ಟಿಕ್ಕಿನ ಬಂಧುವೇ, ಆದರೆ ನಾಲ್ಕಕ್ಷರ ಹೆಚ್ಚು ಓದಿದ ಬಂಧು. ಅದರ ಒಂದೊಂದು ಅಣುವೂ ಉದ್ದನೆಯ ದಾರ. ದಾರದ ಅರ್ಧಕ್ಕೆ ನೀರೆಂದರೆ ಆಗದು, ಇನ್ನರ್ಧಕ್ಕೆ ಸ್ವಲ್ಪ ಸಂಸ್ಕಾರ ಕೊಟ್ಟರೆ ನೀರೆಂದರೆ ಪ್ರಾಣ. ಈ ಎರಡು ಅರ್ಧಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ. ದೂರ ಹೋಗೋಣವೆಂದರೆ ತುದಿಗೆ ತುದಿ ಕಟ್ಟಿಹಾಕಿದೆ. ಹೀಗಾಗಿ ಕೋಟಿಗಟ್ಟಲೆ ದಾರಗಳು ರಾಜಿಗೆ ಬರುತ್ತವೆ: ನಮ್ಮ ಕಡೆಯವರೆಲ್ಲ ಈ ಪದರ, ನಿಮ್ಮ ಕಡೆಯವರೆಲ್ಲ ಆ ಪದರ. ಒಂದು ಕೂದಲೆಳೆಯ ದಪ್ಪದಲ್ಲಿ ಅಂಥ ನೂರಾರು ಪದರಗಳು ಹಿಡಿಸುತ್ತವೆ. ಯಾರೂ ಅವುಗಳನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಯಾರೂ ಸುತ್ತೋಲೆ ಹೊರಡಿಸುವುದಿಲ್ಲ. ಇದಕ್ಕೆ ಸ್ವಯಂಜೋಡಣೆ ಎನ್ನುತ್ತಾರೆ. ಪದರಗಳು ನೀರು ಹೀರಿ ಉಬ್ಬಿದಾಗ ಒಂದು ಬಣ್ಣ ತೋರಿಸುತ್ತವೆ, ಕುಗ್ಗಿದಾಗ ಮತ್ತೊಂದು. ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಕುಗ್ಗುತ್ತವೆ.

ಇದನ್ನೆಲ್ಲ ನಾನು ಬಹಳ ಹುರುಪಿನಿಂದ ಅಪ್ಪನಿಗೆ ವಿವರಿಸಿದೆ. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತ ಬೆಳೆದು, ನಂತರ ಎರಡು ಪವರ್‌ಲೂಮ್ ಹಾಕಿಕೊಂಡಿದ್ದ ಮನುಷ್ಯ. ಪದರ, ದಾರ, ಬಣ್ಣ ಎಂದರೆ ಅವನಿಗೆ ಪಾಠ ಬೇಕಿರಲಿಲ್ಲ.

‘ಯಾರ ನೇಯೂದು ಇದನ್ನ?’ ಎಂದ.

‘ಯಾರೂ ನೇಯೂದಿಲ್ಲಪಾ. ತಾನಾ ಆಕ್ಕೈತಿ.’

ಅಪ್ಪ ಸ್ವಲ್ಪ ಹೊತ್ತು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ‘ತಾನಾ ಆಗೂದಾದ್ರ ನಿನಗ ಯಾಕ ಪಗಾರ ಕೊಡ್ತಾರ?’

ನನ್ನ ಮೌಖಿಕ ಪರೀಕ್ಷೆಯಲ್ಲಿ ಇಷ್ಟು ಕಠಿಣ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಪಗಾರ ಕೊಡಲು ಒಪ್ಪಿದ್ದು ಜಮಖಂಡಿಯ ಒಂದು ಕಾಲೇಜು. ಅಲ್ಲಿನ ಪ್ರಿನ್ಸಿಪಾಲರು ಇತಿಹಾಸದವರು. ವಿಜ್ಞಾನದ ಮೇಲೆ ಅವರಿಗಿದ್ದ ಗೌರವ ಅಪಾರ, ಏಕೆಂದರೆ ಅದರ ಹತ್ತಿರ ಅವರು ಎಂದೂ ಹೋಗಿರಲಿಲ್ಲ. ನನ್ನ ಅರ್ಜಿಯಲ್ಲಿ ‘ನ್ಯಾನೋ’ ಎಂಬ ಪದ ಕಂಡದ್ದೇ ಅವರ ಕಣ್ಣು ಅಗಲವಾಯಿತು. ಮುಂದಿನ ವರ್ಷ ಕಾಲೇಜಿಗೆ ಅಂಕ ಕೊಡಲು ಹೊರಗಿನಿಂದ ಕಮಿಟಿ ಬರುವುದಿತ್ತು. ರಸಾಯನಶಾಸ್ತ್ರ ವಿಭಾಗದ ಹಿಂದಿದ್ದ, ಮುರಿದ ಬೆಂಚುಗಳ ಕೋಣೆಯನ್ನು ನನಗೆ ಕೊಟ್ಟು, ಬೆಂಚುಗಳನ್ನು ತೆಗೆಸುವ ಮೊದಲೇ ಬೋರ್ಡು ಬರೆಸಿದರು. ಪೇಂಟರನಿಗೆ ಒತ್ತಕ್ಷರದ ಮೇಲೆ ನಂಬಿಕೆ ಇರಲಿಲ್ಲ. ಬಾಗಿಲ ಮೇಲೆ ದೊಡ್ಡದಾಗಿ ‘ನಾನೋ ಪ್ರಯೋಗಾಲಯ’ ಎಂದು ಬರೆದು ಹೋದ. ಆಗಷ್ಟೇ ಅದೇ ಹೆಸರಿನ ಸಣ್ಣ ಕಾರೊಂದು ರಸ್ತೆಗೆ ಬಂದಿದ್ದರಿಂದ, ಕಾಲೇಜಿನಲ್ಲಿ ಕಾರು ರಿಪೇರಿ ಕಲಿಸುತ್ತಾರೆಂದು ತಿಳಿದು ಸಾವಳಗಿಯಿಂದ ಇಬ್ಬರು ವಿಚಾರಿಸಿಕೊಂಡು ಹೋದರು. ಅವರಿಗೆ ಪಾಲಿಮರ್ ವಿವರಿಸಲು ಹೊರಟೆ. ‘ಟ್ರ್ಯಾಕ್ಟರ್ ಕಲಸ್ತೀರೇನ್ರಿ?’ ಎಂದು ಕೇಳಿ ಎದ್ದರು.

ಕೋಣೆಯ ಜೊತೆಗೆ ನನಗೆ ಸಿಕ್ಕದ್ದು ಒಬ್ಬ ಅಟೆಂಡರ್. ಐವತ್ತು ದಾಟಿದವರು, ಬೀಳಗಿ ಕಡೆಯವರು, ಬೀರಪ್ಪನ ಒಕ್ಕಲು. ಕುರಿ ಮತ್ತು ಹೊಲ ಎರಡನ್ನೂ ನಂಬಿದ್ದ ಮನೆತನ. ಕೃಷ್ಣೆಯ ಹಿನ್ನೀರು ಬಂದು ಊರು ಮುಳುಗಿದಾಗ ಅವರಿಗೆ ಪುನರ್ವಸತಿ ಕಾಲೋನಿಯಲ್ಲೊಂದು ಜಾಗ ಬಂತು. ನಂತರ ಈ ನೌಕರಿ ಸಿಕ್ಕಿತು. ವಾರಕ್ಕೊಮ್ಮೆ ಬಸ್ಸು ಹಿಡಿದು ಕಾಲೋನಿಗೆ ಹೋಗಿ ಬರುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ಹಿಂದಿನವರು ಅವರನ್ನು ಸೀಸೆ ತೊಳೆಯಲು, ಗಂಟೆ ಬಾರಿಸಲು ಬಳಸುತ್ತಿದ್ದರು. ನಾನು ಆಧುನಿಕ ಮನೋಭಾವದವಳಾದ್ದರಿಂದ ಸೀಸೆ ತೊಳೆಯಲು ಮಾತ್ರ ಬಳಸಿದೆ.

ಕೆಲಸ ಹೀಗೆ. ಪುಡಿಯನ್ನು ದ್ರಾವಣ ಮಾಡಿ, ಗಾಜಿನ ಪಟ್ಟಿಯ ಮೇಲೆ ಹನಿಸಿ, ಪಟ್ಟಿಯನ್ನು ಗಿರ್ರನೆ ತಿರುಗಿಸಬೇಕು. ಹನಿ ಹರಡಿ ತೆಳುವಾದ ಪೊರೆಯಾಗುತ್ತದೆ. ತಿರುಗಿಸುವ ಯಂತ್ರಕ್ಕೆ ನಾನು ಬರೆದ ಬೇಡಿಕೆ ಪತ್ರ ಮೂರು ಮೇಜುಗಳನ್ನು ದಾಟಿ ನಾಲ್ಕನೆಯದರಲ್ಲಿ ವಿಶ್ರಾಂತಿ ಪಡೆಯಿತು. ಅದನ್ನು ಅಪ್ಪನ ಮುಂದೆ ಹೇಳಿಕೊಂಡೆ. ಅಪ್ಪ ನೂಲಿನ ಕಂಡಿಕೆ ಸುತ್ತುವ ಹಳೆಯ ಯಂತ್ರದ ಮೋಟರು ಬಿಚ್ಚಿ, ಅದರ ತಲೆಗೆ ಸ್ಟೀಲ್ ಡಬ್ಬಿಯ ಮುಚ್ಚಳ ಕೂಡಿಸಿ, ಎರಡು ದಿನದಲ್ಲಿ ತಯಾರು ಮಾಡಿಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಜಮಖಂಡಿಗೆ ಒಯ್ದೆ. ಕಂಡಕ್ಟರ್ ಅದನ್ನು ಮಿಕ್ಸರ್ ಎಂದು ತಿಳಿದು, ‘ಚಟ್ನಿ ಛಲೋ ಆಕ್ಕೈತೇನ್ರಿ?’ ಎಂದು ಕೇಳಿದ.

ಮೊದಲ ನಾಲ್ಕು ತಿಂಗಳು ಚಟ್ನಿಯೂ ಆಗಲಿಲ್ಲ. ಪೊರೆ ಬಂತು, ಬಣ್ಣ ಬರಲಿಲ್ಲ. ಕರೆಂಟು ಹೋದರೆ ಮೋಟರು ಅರ್ಧಕ್ಕೆ ನಿಂತು ಹನಿ ಒಂದೇ ಕಡೆ ಗಟ್ಟಿಯಾಗುತ್ತಿತ್ತು. ಕರೆಂಟು ಇದ್ದರೆ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಉಗುಳುವ ಕರಿ ಬೂದಿ ಕಿಟಕಿಯಿಂದ ತೇಲಿ ಬಂದು, ಸರಿಯಾಗಿ ಪೊರೆಯ ಮಧ್ಯಕ್ಕೇ ಕೂಡುತ್ತಿತ್ತು. ನನಗೆ ತಪ್ಪು ಎಲ್ಲಿದೆ ಎಂಬುದು ಪುಸ್ತಕದಿಂದ ಗೊತ್ತಿತ್ತು. ದ್ರಾವಕ ಬೇಗ ಆರಿಹೋಗುತ್ತಿದೆ, ದಾರಗಳಿಗೆ ಸಾಲಾಗಿ ನಿಲ್ಲಲು ಪುರಸೊತ್ತು ಸಿಗುತ್ತಿಲ್ಲ. ದ್ರಾವಕದ ಆವಿಯಲ್ಲಿ ಪೊರೆಯನ್ನು ಕೆಲವು ತಾಸು ಇಡಬೇಕು. ಅದಕ್ಕೊಂದು ವಿಶೇಷ ಪೆಟ್ಟಿಗೆ ಬೇಕು. ಪೆಟ್ಟಿಗೆಗಾಗಿ ಮತ್ತೊಂದು ಬೇಡಿಕೆ ಪತ್ರ ಬರೆದೆ. ಅದು ಹೋಗಿ ಮೊದಲನೆಯದಕ್ಕೆ ಜೊತೆಯಾಯಿತು.

ಒಂದು ಬೆಳಿಗ್ಗೆ ನಾನು ಹೋದಾಗ ಗಾಜಿನ ಪಟ್ಟಿಗಳ ಮೇಲೆ ದೊಡ್ಡ ಗಾಜಿನ ಗಂಟೆ ಬೋರಲಾಗಿತ್ತು. ಸಸ್ಯಶಾಸ್ತ್ರದವರು ಗಿಡ ಬೆವರುವುದನ್ನು ತೋರಿಸಲು ಇಟ್ಟುಕೊಂಡಿದ್ದ ಜಾರು ಅದು.

‘ಇದನ್ಯಾರು ಇಟ್ಟಿದ್ದು?’ ಎಂದು ಏರುದನಿಯಲ್ಲಿ ಕೇಳಿದೆ.

‘ನಾನರೀ ಮೇಡಂರ’ ಎಂದರು ಅಟೆಂಡರ್. ‘ನಿನ್ನಿ ಸಂಜೀಕ ಬೂದಿ ಭಾಳ ಬೀಳಾಕತ್ತಿತ್ತು. ಮುಚ್ಚಿಟ್ಟೆ.’

ಜಾರಿನ ಕೆಳಗೆ, ಪಟ್ಟಿಗಳ ಪಕ್ಕದಲ್ಲಿ, ನಾನು ಚೆಲ್ಲಲು ಮರೆತಿದ್ದ ದ್ರಾವಕದ ಬಟ್ಟಲು ಹಾಗೆಯೇ ಇತ್ತು. ತಳದಲ್ಲಿ ಒಂದಿಷ್ಟು ಉಳಿದಿತ್ತು. ರಾತ್ರಿಯೆಲ್ಲ ಅದರ ಆವಿ ಜಾರಿನೊಳಗೇ ಸುಳಿದಾಡಿದೆ. ನನಗೆ ಇದರ ಅರ್ಥ ತಕ್ಷಣ ಹೊಳೆಯಿತು ಎಂದು ಬರೆಯಲು ಆಸೆಯಿದೆ. ಆದರೆ ಖರೆ ಏನೆಂದರೆ, ಕೇಳದೆ ಬೇರೆ ವಿಭಾಗದ ಜಾರು ತಂದದ್ದಕ್ಕೆ ಅವರನ್ನು ಬೈದು, ಆ ಪಟ್ಟಿಗಳನ್ನು ಅರ್ಧ ದಾರಕ್ಕೆ ನೀರಿನ ಆಸೆ ಹುಟ್ಟಿಸುವ ‘ಸಂಸ್ಕಾರ’ದ ದ್ರಾವಣದಲ್ಲಿ ನೆನೆಹಾಕಿ, ಪಾಠಕ್ಕೆ ಹೋದೆ. ಮರುದಿನ ಮಧ್ಯಾಹ್ನ ಅವುಗಳನ್ನು ತೊಳೆಯಲು ಹೇಳಿ ಪರೀಕ್ಷೆಯ ಪೇಪರು ತಿದ್ದುತ್ತ ಕುಳಿತಿದ್ದೆ.

‘ಮೇಡಂರ, ಇಲ್ಲಿ ನೋಡ್ರಿ. ಇದು ಬಣ್ಣ ತಗೋಳಾಕತ್ತೈತಿ.’

ಎಣ್ಣೆ ಇರಬೇಕು, ಸೋಪು ಹಾಕಿ ತೊಳೆಯಿರಿ ಎಂದೆ, ತಲೆಯೆತ್ತದೆ. ಅವರು ತೊಳೆಯಲಿಲ್ಲ. ಪಟ್ಟಿಯನ್ನು ನೀರು ತುಂಬಿದ ಬಟ್ಟಲ ಸಮೇತ ತಂದು ನನ್ನ ಪೇಪರುಗಳ ಮೇಲೆಯೇ ಇಟ್ಟರು. ನಲ್ಲಿ ನೀರಿನೊಳಗೆ ಆ ಗಾಜು ಹಸಿರಾಗಿತ್ತು. ನವಿಲಿನ ಕತ್ತಿನ ಹಸಿರು. ಯಾವ ಬಣ್ಣವನ್ನೂ ನಾನು ಬೆರೆಸಿರಲಿಲ್ಲ. ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಅದ್ದಿದೆ, ನಿಧಾನವಾಗಿ ಕೆಂಪಾಯಿತು. ಒಂದು ಚಿಟಿಕೆ ಉಪ್ಪು ಹಾಕಿದೆ, ಕೆಂಪು ಹಸಿರಾಗಿ, ಹಸಿರು ನೀಲಿಯಾಯಿತು. ತೊಳೆದೆ, ಮತ್ತೆ ಕೆಂಪು. ನಾನು ಆ ಹೊತ್ತು ಎಷ್ಟು ಸಲ ಅದ್ದಿದೆನೋ ಲೆಕ್ಕವಿಲ್ಲ. ಆರು ವರ್ಷ ಇದನ್ನೇ ದೊಡ್ಡ ಲ್ಯಾಬಿನಲ್ಲಿ, ತಂಪು ಕೋಣೆಯಲ್ಲಿ ಮಾಡಿದ್ದೆ. ಅಲ್ಲಿ ಒಮ್ಮೆಯೂ ಕಣ್ಣಲ್ಲಿ ನೀರು ಬಂದಿರಲಿಲ್ಲ.

ಅವರಿಗೆ ವಿವರಿಸಿದೆ. ಒಂದಕ್ಕೊಂದು ಆಗದ ಎರಡು ಅರ್ಧ, ಕಟ್ಟಿಹಾಕಿದ ತುದಿ, ಸ್ವಲ್ಪ ಪುರಸೊತ್ತು ಕೊಟ್ಟರೆ ತಾವೇ ಸಾಲಾಗುವುದು.

‘ಹೌದಲ್ರೀ’ ಎಂದರು, ಇದರಲ್ಲೇನಿದೆ ಎಂಬಂತೆ. ‘ನಮ್ಮ ಕಾಲೋನಿನೂ ಹಂಗ. ಚೀಟಿ ಎತ್ತಿ ಜಾಗಾ ಕೊಟ್ರು. ಮಾತಿಲ್ಲದ ಮಂದೀನ ಒಂದ ಗ್ವಾಡಿಗಿ ಹಚ್ಚಿ ಕುಂಡರಸಿದ್ರು. ಎರಡ ವರ್ಷದಾಗ ಅವರ ಇವರ ಜಾಗಾ ಅದಲಿ ಬದಲಿ ಮಾಡ್ಕೊಂಡು, ಹಳೇ ಊರಾಗ ಹೆಂಗ ಓಣಿ ಇದ್ವು ಹಂಗ ಆಗ್ಯಾವ. ಸಾಹೇಬರ ನಕಾಶಿ ಇನ್ನೂ ಹಳೇದ ಐತಿ.’

ನನ್ನ ಪ್ರಬಂಧದ ಮೊದಲ ಅಧ್ಯಾಯ ನಲವತ್ತು ಪುಟವಿತ್ತು.

ಗಾಜು ಬಣ್ಣ ಬದಲಿಸಿದ ವಿಷಯವನ್ನು ಬರೆದು ನಾನೊಂದು ವಿಚಾರ ಸಂಕಿರಣಕ್ಕೆ ಕಳಿಸಿದೆ. ಲೇಖಕರ ಸಾಲಿನಲ್ಲಿ ನನ್ನ ಹೆಸರು, ನಂತರ ಪದ್ಧತಿಯಂತೆ ಇತಿಹಾಸದ ಪ್ರಿನ್ಸಿಪಾಲರ ಹೆಸರು. ‘ಆವಿಯ ಸ್ಥಿತಿಯನ್ನು ಸೂಕ್ತವಾಗಿ ನಿಯಂತ್ರಿಸಲಾಯಿತು’ ಎಂದು ಬರೆದೆ. ಯಾರು ನಿಯಂತ್ರಿಸಿದರು, ಯಾವ ಜಾರಿನಿಂದ ಎಂಬುದನ್ನು ಬರೆಯಲಿಲ್ಲ. ವಿಜ್ಞಾನದ ಭಾಷೆಯಲ್ಲಿ ಕರ್ತೃವನ್ನು ಅಡಗಿಸುವ ಪ್ರಯೋಗ ಇರುವುದು ಇಂಥ ಉಪಕಾರಕ್ಕಾಗಿಯೇ. ಈಗಲೂ ಆ ಪುಟ ನೋಡಿದರೆ ನನಗೆ ನಾಚಿಕೆಯಾಗುತ್ತದೆ. ನಂತರ ಒಮ್ಮೆ ಅದನ್ನು ಅವರ ಮುಂದೆ ಒಪ್ಪಿಕೊಂಡೆ. ‘ಇರಲಿ ಬಿಡ್ರಿ, ನನ್ನ ಹೆಸರ ಬರದಿದ್ರೂ ನನಗ ಓದಾಕ ಬರತಿದ್ದಿಲ್ಲ’ ಎಂದರು. ಅದು ಕ್ಷಮೆಯೋ ಪೆಟ್ಟೋ ಎಂದು ನಾನು ಕೇಳಲಿಲ್ಲ.

ಕಮಿಟಿ ಬರುವ ಹಿಂದಿನ ದಿನ ಕಾಲೇಜಿಗೆ ಕಾಲೇಜೇ ಮದುವೆ ಮನೆಯಾಯಿತು. ಪ್ರಿನ್ಸಿಪಾಲರು ಪ್ರಯೋಗಾಲಯವನ್ನು ‘ಥಳಥಳ’ ಮಾಡಲು ಅಪ್ಪಣೆ ಕೊಟ್ಟರು. ನಾನು ತರಗತಿಯಲ್ಲಿದ್ದಾಗ ಸ್ವಚ್ಛತೆಯ ತಂಡ ಒಳಗೆ ನುಗ್ಗಿ, ಮೇಜಿನ ಮೇಲಿದ್ದ ನನ್ನ ಪೊರೆಯ ಪಟ್ಟಿಗಳನ್ನೆಲ್ಲ ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಒರೆಸಿ, ಒಪ್ಪವಾಗಿ ಜೋಡಿಸಿಟ್ಟಿತ್ತು. ಅಷ್ಟು ಸ್ವಚ್ಛವಾದ ಗಾಜನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಸೀಸೆಯ ಪುಡಿ ಮುಗಿದು ಒಂದು ತಿಂಗಳಾಗಿತ್ತು. ನಾನು ಕುರ್ಚಿಯ ಮೇಲೆ ಕುಳಿತುಬಿಟ್ಟೆ.

ಅಟೆಂಡರ್ ಬಂದು ತಮ್ಮ ಊಟದ ಡಬ್ಬಿ ತೆಗೆದರು. ರೊಟ್ಟಿಯ ಅರಿವೆಯಲ್ಲಿ ಸುತ್ತಿದ ಮೂರು ಪಟ್ಟಿಗಳಿದ್ದವು.

‘ಇವರ ಕೈಯಾಗ ಬಕೆಟ್ ನೋಡಿದ್ನೋ ಇಲ್ಲೋ, ಸಿಕ್ಕಷ್ಟ ಎತ್ತಿಟ್ಟೇನಿ’ ಎಂದರು. ‘ಉಳ್ಳಾಗಡ್ಡಿ ವಾಸನಿ ಬಂದ್ರ ನಡೀತೈತೇನ್ರಿ?’

ನಡೆಯಿತು. ಪಾಲಿಮರಿಗೆ ಉಳ್ಳಾಗಡ್ಡಿಯ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ.

ಕಮಿಟಿಯ ಮೂವರು ಹೋಳಿಗೆಯ ಊಟ ಮುಗಿಸಿ ಬಂದರು. ಅವರಿಗೆ ತಿಮ್ಮಾಪುರಕ್ಕೆ ಹೋಗಿ ಮುಧೋಳದ ಬೇಟೆ ನಾಯಿಗಳನ್ನು ನೋಡುವ ಕಾರ್ಯಕ್ರಮವಿದ್ದದ್ದರಿಂದ ಆಗಾಗ ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ಗಾಜನ್ನು ಅದ್ದಿದೆ, ಕೆಂಪಾಯಿತು, ಉಪ್ಪು ಹಾಕಿದೆ, ನೀಲಿಯಾಯಿತು. ಹಿರಿಯರೊಬ್ಬರು, ‘ಲಿಟ್ಮಸ್ ಕಾಗದ ಇದ್ದ ಹಾಗೆ’ ಎಂದರು. ಅಲ್ಲ ಎಂದೆ. ‘ಹಾಗೆಯೇ’ ಎಂದರು. ಇನ್ನೊಬ್ಬರು ದೊಡ್ಡ ಯಂತ್ರ ಎಲ್ಲಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು ಮುಂದೆ ಬಂದು, ಹಸಿರು ವೆಲ್ವೆಟ್ ಬಟ್ಟೆ ಹೊದಿಸಿದ್ದ ಅಪ್ಪನ ಕಂಡಿಕೆ ಮೋಟರನ್ನು ಅನಾವರಣ ಮಾಡಿ, ‘ಇದು ನಮ್ಮಲ್ಲೇ ಅಭಿವೃದ್ಧಿಪಡಿಸಿದ ನ್ಯಾನೋ ಯಂತ್ರ’ ಎಂದರು. ಮೂವರೂ ತಲೆದೂಗಿ ಫೋಟೋ ತೆಗೆಸಿಕೊಂಡರು. ಡಬ್ಬಿಯ ಮುಚ್ಚಳ ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಅವರ ವರದಿಯಲ್ಲಿ ಯಂತ್ರಕ್ಕೆ ಒಂದು ಸಾಲಿನ ಹೊಗಳಿಕೆ ಇತ್ತು, ಕಾಲೇಜಿನ ಹೂದೋಟಕ್ಕೆ ಮೂರು ಸಾಲು. ಗಾಜಿನ ವಿಷಯ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುವಾರ ಅಟೆಂಡರ್ ಬಂದು, ಒಂದು ಪಟ್ಟಿ ಕೊಡುತ್ತೀರಾ ಎಂದು ಕೇಳಿದರು.

‘ಯಾಕ್ರಿ?’

‘ನಮ್ಮ ಕಾಲೋನಿ ಬೋರಿನ ನೀರ ಸವಳ ಅದಾವ್ರಿ. ಬ್ಯಾಳಿ ಕುದಿಯೂದಿಲ್ಲ, ಚಾ ಒಡೀತೈತಿ. ಹೇಳಿ ಹೇಳಿ ಸಾಕಾತು. ನೀರ ಬರೋಬ್ಬರಿ ಅದಾವು ಅಂತ ಕಾಗದ ತೋರಸ್ತಾರ. ಬೀಳಗ್ಯಾಗ ಅಹವಾಲು ಕೇಳಾಕ ಸಾಹೇಬರು ಬರತಾರಂತ. ನನ್ನ ನಾಲಿಗಿ ನಂಬವಲ್ರು. ಗಾಜ ನಂಬಿದ್ರ ನಂಬ್ಯಾರು.’

ನಾನೇ ಅವರ ಜೊತೆ ಹೋದೆ. ಮೊದಲು ಕಾಲೋನಿಗೆ ಹೋಗಿ ಬೋರಿನ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡೆವು. ಅಲ್ಲಿಯೇ ಗಾಜನ್ನು ಅದ್ದಿದೆ. ನೀಲಿ, ಅನುಮಾನಕ್ಕೆ ಎಡೆಯಿಲ್ಲದ ನೀಲಿ. ನೋಡಲು ಸೇರಿದ್ದ ಹೆಂಗಸರಲ್ಲಿ ಒಬ್ಬಾಕೆ, ‘ಇದನ್ನ ಕಾಣಾಕ ಗಾಜ ಬೇಕೇನವಾ? ಬಾಯಾಗ ಹಾಕ್ಕೊಂಡ ನೋಡು’ ಎಂದು ಒಂದು ಚೊಂಬು ಕೊಟ್ಟಳು. ಕುಡಿದೆ. ನನ್ನ ಮುಖ ಯಾವ ಬಣ್ಣಕ್ಕೆ ತಿರುಗಿತೋ, ಎಲ್ಲರೂ ನಕ್ಕರು.

ಬೀಳಗಿಯ ಸಭೆಯಲ್ಲಿ ದೊಡ್ಡ ಸಾಹೇಬರು ಮಧ್ಯದಲ್ಲಿ, ಅವರ ಬಲಕ್ಕೆ ನೀರಿನ ಎಂಜಿನಿಯರು. ಇಬ್ಬರ ಮುಂದೆಯೂ ಅಂಗಡಿಯಿಂದ ತಂದ ನೀರಿನ ಬಾಟಲಿ. ಎಂಜಿನಿಯರು ಫೈಲು ತೆರೆದು, ಕಾಲೋನಿಯ ನೀರು ಕುಡಿಯಲು ಯೋಗ್ಯವೆಂದು ಓದಿದರು. ಅಟೆಂಡರ್ ಎದ್ದು ನಿಂತು, ‘ಅಪ್ಪಣಿ ಆದ್ರ ಒಂದ ಪರೀಕ್ಷಾ ತೋರಸ್ತೇನ್ರಿ’ ಎಂದರು. ಸಾಹೇಬರಿಗೆ ಬೇಸರವಾಗಿತ್ತೆಂದು ಕಾಣುತ್ತದೆ, ಹೂಂ ಎಂದರು.

ಅಟೆಂಡರ್ ಎರಡು ಗ್ಲಾಸು ಇಟ್ಟು, ಒಂದಕ್ಕೆ ಸಾಹೇಬರ ಬಾಟಲಿಯ ನೀರನ್ನೇ ಸುರಿದರು, ಇನ್ನೊಂದಕ್ಕೆ ಕಾಲೋನಿಯದು. ಗಾಜನ್ನು ಮೊದಲನೆಯದರಲ್ಲಿ ಇಳಿಬಿಟ್ಟರು. ಅದು ಕೆಂಪಾಯಿತು.

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ‘ಕೆಂಪು ಬಂತಲ್ಲ! ಏನಿದೆ ಈ ನೀರಿನಲ್ಲಿ?’ ಎಂದು ಬಾಟಲಿಯನ್ನು ಹಾವು ಮುಟ್ಟಿದಂತೆ ದೂರ ತಳ್ಳಿದರು. ಎಂಜಿನಿಯರು ಅರ್ಧ ಕುಡಿದಿದ್ದ ತಮ್ಮ ಬಾಟಲಿಯನ್ನು ನೋಡಿಕೊಂಡು ಗಂಟಲು ಸವರಿಕೊಂಡರು. ಬಾಟಲಿ ತಂದ ಗುಮಾಸ್ತನನ್ನು ಕರೆಯಲು ಒಬ್ಬರು ಹೊರಗೆ ಓಡಿದರು. ಇಷ್ಟು ವರ್ಷ ಕಾಲೋನಿಯ ನೀರಿನ ಬಗ್ಗೆ ಆ ಕೋಣೆಯಲ್ಲಿ ಯಾರೂ ಇಷ್ಟು ಚುರುಕಾಗಿ ಎದ್ದಿರಲಿಲ್ಲ.

‘ಅಂಜಬ್ಯಾಡ್ರಿ ಸಾಹೇಬರ’ ಎಂದರು ಅಟೆಂಡರ್, ಶಾಂತವಾಗಿ. ‘ಕೆಂಪು ಅಂದ್ರ ಛಲೋ ನೀರ. ನಿಮ್ಮವು ಛಲೋ ಅದಾವು. ನಮ್ಮವು ನೋಡ್ರಿ.’

ಗಾಜು ಎರಡನೆಯ ಗ್ಲಾಸಿನಲ್ಲಿ ನೀಲಿಯಾಯಿತು.

‘ಇದು ಯಾವ ಮಷೀನು?’ ಎಂದರು ಸಾಹೇಬರು.

‘ನ್ಯಾನೋ ರೀ’ ಎಂದರು ಅಟೆಂಡರ್. ಒತ್ತಕ್ಷರ ಸ್ಪಷ್ಟವಾಗಿತ್ತು.

ಎಂಜಿನಿಯರು ನನ್ನ ಕಡೆ ತಿರುಗಿ, ಕೆಟ್ಟ ನೀರಿಗೆ ಕೆಂಪು ಬರುವಂತೆ ಬದಲಿಸಲು ಆಗುವುದಿಲ್ಲವೇ, ಜನರಿಗೆ ತಪ್ಪು ಸಂದೇಶ ಹೋಗುತ್ತದೆ ಎಂದರು. ಬೆಳಕಿನ ನಿಯಮವನ್ನು ತಿದ್ದುಪಡಿ ಮಾಡುವ ಅಧಿಕಾರ ನನಗಿಲ್ಲ ಎಂದೆ. ಸಾಹೇಬರು ನಕ್ಕರು. ಗಾಜು ನೋಡಿ ಆದೇಶ ಹೊರಡಿಸಲು ಬರುವುದಿಲ್ಲ, ಆದರೆ ಹೊಸದಾಗಿ ನೀರಿನ ಮಾದರಿ ತೆಗೆಯಿರಿ, ಈ ಸಲ ಬೋರಿನ ಬಾಯಿಗೇ ಹೋಗಿ ತೆಗೆಯಿರಿ ಎಂದರು. ಹಿಂದಿನ ಮಾದರಿಯನ್ನು ಎಲ್ಲಿಂದ ತೆಗೆದಿದ್ದರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಸಭ್ಯರು.

ಹೊಸ ಮಾದರಿಯಲ್ಲಿ ಉಪ್ಪು ಹೆಚ್ಚಿದೆಯೆಂದು ಕಾಗದ ಬಂತು. ಕಾಗದ ಬಂದ ಮೇಲೆ ಉಪ್ಪು ಅಧಿಕೃತವಾಯಿತು. ಇನ್ನೂ ಎರಡು ಬೇಸಿಗೆ ಕಳೆದವು. ಅಷ್ಟರಲ್ಲಿ ಮೂರು ಗಾಜುಗಳಲ್ಲಿ ಎರಡರ ಪೊರೆ ಎದ್ದುಹೋಯಿತು, ಉಳಿದದ್ದು ಬೂದು ಬಣ್ಣಕ್ಕೆ ತಿರುಗಿತು. ಮಾರ್ಗದರ್ಶಕರಿಗೆ ಪುಡಿಗಾಗಿ ಪತ್ರ ಬರೆದೆ. ಅವರು ನಿವೃತ್ತರಾಗಿದ್ದರು. ಪ್ರಿನ್ಸಿಪಾಲರು ವೆಲ್ವೆಟ್ ಬಟ್ಟೆಯನ್ನು ಮತ್ತೆ ಹೊದಿಸಿದರು. ನಾನು ಪಾಠ ಮಾಡುತ್ತ ಉಳಿದೆ.

ಕೊನೆಗೆ ಹಿನ್ನೀರಿನ ಕಡೆಯಿಂದ, ಶುದ್ಧಮಾಡಿದ ನೀರಿನ ಪೈಪು ಕಾಲೋನಿಗೆ ಬಂತು. ಅಟೆಂಡರ್ ನನ್ನನ್ನೂ ಅಪ್ಪನನ್ನೂ ಊಟಕ್ಕೆ ಕರೆದರು. ಅವರ ಹೆಂಡತಿ ಬಿಸಿ ರೊಟ್ಟಿ ಬಡಿದು, ತೊಗರಿಬೇಳೆ ಸಾರು ಬಡಿಸಿದರು. ಬೇಳೆ ಬೆಣ್ಣೆಯಂತೆ ಕರಗಿತ್ತು. ಅಪ್ಪ ಎರಡು ಸಲ ಹಾಕಿಸಿಕೊಂಡ. ನಾನು ಸಂತೋಷದಿಂದ, ಸ್ವಲ್ಪ ಜಂಬದಿಂದಲೂ, ಹೊಸ ನೀರು ಹೇಗಿದೆ ಎಂದು ಕೇಳಿದೆ.

ಆಕೆ ಗಂಡನ ಮುಖ ನೋಡಿದರು. ಗಂಡ ನೆಲ ನೋಡಿದರು.

‘ಖರೆ ಹೇಳಬೇಕಂದ್ರ ಸಪ್ಪಗ ಅದಾವ್ರಿ’ ಎಂದರು ಆಕೆ. ‘ಅಡಗಿಗೆ ಬರೋಬ್ಬರಿ. ಕುಡಿಯಾಕ ರುಚಿ ಹತ್ತವಲ್ದು. ಹಿರ್‍ಯಾರಿಗೆ ಅಂತ ದಿನಾ ಬೋರಿಂದು ಒಂದ ಕೊಡ ತರತೇವಿ.’